ಆರುನೂರು ರೂಪಾಯಿಯ ಚೀಸ್ ಬೋರ್ಡ್, ಖಾನಾಪುರದ ಖವಾ ಮತ್ತು ಲೆಕ್ಕಕ್ಕೆ ಸಿಗದ ಹಾಲು

ಡಿಸೆಂಬರ್ ಬಂತಂದ್ರೆ ಬೆಳಗಾವಿಗೆ ನೆಂಟರು ಜಾಸ್ತಿ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಗುತ್ತೆ, ಬೆಂಗಳೂರಿನ ಪತ್ರಕರ್ತ ಗೆಳೆಯರು ಬ್ಯಾಗ್ ಹೊತ್ತು ಬರ್ತಾರೆ, ರಾತ್ರಿ ಊಟಕ್ಕೆ ಎಲ್ಲಿ ಹೋಗೋದು ಅನ್ನೋ ಚರ್ಚೆ ಸದನದ ಚರ್ಚೆಗಿಂತ ಉದ್ದ ನಡೆಯುತ್ತೆ. ಈ ಸಲ ಒಬ್ಬ ಗೆಳೆಯ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದ. ಮರದ ಹಲಗೆ ಮೇಲೆ ನಾಲ್ಕು ಥರದ ಚೀಸ್, ತೆಳ್ಳಗೆ ಕೊಯ್ದು ಮಡಚಿಟ್ಟ ಹಂದಿ ಮಾಂಸ, ದ್ರಾಕ್ಷಿ, ಬಾದಾಮಿ, ಬಿಸ್ಕತ್ತು. ಶಾರ್ಕುಟರಿ ಬೋರ್ಡ್ ಅಂತ ಹೆಸರು. ಬೆಂಗಳೂರಿನ ಕೆಫೆಯೊಂದರಲ್ಲಿ ಇಬ್ಬರು ತಿನ್ನೋ ಅಷ್ಟಕ್ಕೆ ಎರಡು ಸಾವಿರ ದಾಟುತ್ತಂತೆ. "ನಿಮ್ಮೂರಲ್ಲಿ ಸಿಗುತ್ತಾ ಇದು?" ಅಂತ ಕೇಳಿದ.

ಊರಿನ ಮರ್ಯಾದೆ ಪ್ರಶ್ನೆ ಬಂದಾಗ ಬಾಯಿ ಸುಮ್ಮನಿರಲ್ಲ. "ನಾಡದ ರಾತ್ರಿ ನಮ್ಮನಿಗೆ ಬರ್ರಿ. ಆರ ಮಂದಿಗೆ ಆರನೂರ ರೂಪಾಯಿದಾಗ ಮಾಡಿ ತೋರಸ್ತೀನಿ" ಅಂದುಬಿಟ್ಟೆ.

ಹೇಳಿದ ಮೇಲೆ ಮಾಡಬೇಕಲ್ಲ. ಒಂದು ದಿನ ಖಾನಾಪುರ, ಇನ್ನೊಂದು ದಿನ ಬೆಳಗಾವಿ ಪೇಟೆ ಸುತ್ತಿದೆ. ತಟ್ಟೆ ಆಯ್ತು, ಚೆನ್ನಾಗಿಯೇ ಆಯ್ತು. ಆದ್ರೆ ಸಾಮಾನಿನ ಚೀಟಿ ಮುಂದಿಟ್ಟುಕೊಂಡು ಕೂತಾಗ ಕಂಡಿದ್ದು ಬೇರೆ. ಅದರಲ್ಲಿ ಒಂದೇ ಒಂದು ಸಾಲಿನ ವಸ್ತು ಸರ್ಕಾರದ ಲೆಕ್ಕದಲ್ಲಿ ಇತ್ತು, ಉಳಿದವು ಇರಲಿಲ್ಲ. ಈ ಬರಹ ಆ ವ್ಯತ್ಯಾಸದ ಬಗ್ಗೆ.

ನೀರು ತೆಗೆಯುವ ವಿದ್ಯೆ

ಶಾರ್ಕುಟರಿ ಫ್ರೆಂಚ್ ಪದ. ಮಾಂಸ ಮತ್ತು ಬೇಯಿಸಿದ್ದು ಅನ್ನೋ ಎರಡು ಪದ ಸೇರಿ ಆಗಿದ್ದು. ಹಂದಿ ಕೊಂದ ಮೇಲೆ ಮಾಂಸ ಕೆಡದ ಹಾಗೆ ಉಪ್ಪು, ಹೊಗೆ, ಗಾಳಿ ಕೊಟ್ಟು ತಿಂಗಳುಗಟ್ಟಲೆ ಇಡುವ ಕಸುಬು. ಅದರ ಪಕ್ಕ ಕೂರುವ ಚೀಸ್ ಕೂಡ ಅದೇ ಜಾತಿ. ಹಾಲು ಒಡೆಸಿ, ನೀರು ಬಸಿದು, ಉಪ್ಪು ಹಾಕಿ ಇಟ್ಟದ್ದು. ಒಣ ದ್ರಾಕ್ಷಿ, ಬಾದಾಮಿ, ಗರಿಗರಿ ಬಿಸ್ಕತ್ತು ಎಲ್ಲವೂ ಅಷ್ಟೇ. ನಾನು ಇಂಜಿನಿಯರಿಂಗ್ ಓದಿ ಬಂದವನು, ಈ ಹಲಗೆ ನೋಡಿದ್ರೆ ನನಗೆ ಕಾಣೋದು ಒಂದೇ ಸೂತ್ರ: ನೀರು ತೆಗಿ, ಸೂಕ್ಷ್ಮಜೀವಿಗೆ ಜಾಗ ಕೊಡಬೇಡ, ದಾರಿ ಇಲ್ಲದ ಊರಿಂದ ದಾರಿ ಇರೋ ಊರಿಗೆ ಸಾಗಿಸು. ಫ್ರಿಜ್ ಇಲ್ಲದ, ರಸ್ತೆ ಇಲ್ಲದ, ಚಳಿಗಾಲ ಕಳೆಯಬೇಕಿದ್ದ ಬಡ ರೈತರ ಉಗ್ರಾಣ ಇದು. ಶ್ರೀಮಂತರ ತಿಂಡಿ ಆಗಿದ್ದು ಆಮೇಲೆ.

ಹಾಗೆ ನೋಡಿದ್ರೆ ನಮ್ಮ ಕಡೆಗೂ ಇದು ಹೊಸದಲ್ಲ. ಯುರೋಪಿನವರಿಗೆ ಹಿಮ ಹೇಗೋ, ಖಾನಾಪುರಕ್ಕೆ ಮಳೆ ಹಾಗೆ. ಮಲಪ್ರಭಾ ಹುಟ್ಟೋದು ಕಣಕುಂಬಿಯಲ್ಲಿ, ಮಹದಾಯಿ ಹುಟ್ಟೋದು ಭೀಮಗಡದ ಕಾಡಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆಯ ಎಷ್ಟೋ ಊರುಗಳಿಗೆ ಹಳ್ಳ ದಾಟಿ ಹೋಗೋದೇ ಕಷ್ಟ. ಹಾಗಾಗಿ ಅಲ್ಲಿ ಹಾಲು ಖವಾ ಆಗುತ್ತೆ. ಗಡಿಯಾಚೆ ಗೋವಾದಲ್ಲಿ ಹಂದಿ ಮಾಂಸ ಚೋರಿಸ್ ಆಗುತ್ತೆ. ಬಯಲು ಸೀಮೆಯಲ್ಲಿ ಜೋಳದ ರೊಟ್ಟಿ ಖಡಕ್ ರೊಟ್ಟಿ ಆಗುತ್ತೆ. ಗೋಕಾಕದಲ್ಲಿ ಒಣಹಣ್ಣು, ಅಂಟು, ಬೆಲ್ಲ ಸೇರಿ ಕರದಂಟು ಆಗುತ್ತೆ. ನನ್ನ ಬೋರ್ಡಿಗೆ ಬೇಕಾದ್ದೆಲ್ಲ ಒಂದೇ ಜಿಲ್ಲೆಯ ಸುತ್ತಮುತ್ತ ಇತ್ತು.

ಚೀಸ್‌ಗೆ ನಮ್ಮ ನಿಘಂಟುಗಳು ಕೊಡೋ ಪದ ಗಿಣ್ಣು. ಮನೆಯಲ್ಲಿ ಗಿಣ್ಣ ತಿಂದವರಿಗೆ ಗೊತ್ತು, ಅದು ಚೀಸ್ ಅಲ್ಲ, ಕರು ಹಾಕಿದ ಮೊದಲ ದಿನಗಳ ಹಾಲಿನದು. ನಾವು ಹಾಲನ್ನ ಉಳಿಸಿದ್ದು ಒಡೆಸಿ ಅಲ್ಲ, ಕಾಯಿಸಿ. ಒಡೆಸೋಕೆ ಯುರೋಪಿನಲ್ಲಿ ಕರುವಿನ ಹೊಟ್ಟೆಯ ರೆನೆಟ್ ಬಳಸ್ತಿದ್ರು. ನಮ್ಮಲ್ಲಿ ಬೆಂಕಿ ಬಳಸಿದ್ವಿ. ಇವತ್ತು ಇಲ್ಲಿ ಹಸಿರು ಚುಕ್ಕಿ ಹೊತ್ತು ಮಾರಾಟವಾಗೋ ಚೀಸ್‌ಗೆ ಸೂಕ್ಷ್ಮಜೀವಿಯಿಂದ ತಯಾರಿಸಿದ ರೆನೆಟ್ ಹಾಕ್ತಾರೆ, ಅದು ಬೇರೆ ಮಾತು.

ಚೀಟಿ

ಮೊದಲು ಲೆಕ್ಕ ಹೇಳಿಬಿಡ್ತೀನಿ, ಮಾಡಿ ನೋಡುವವರಿಗೆ ಉಪಯೋಗವಾಗಲಿ.

ತಿಳಕವಾಡಿಯ ಸೂಪರ್ ಮಾರ್ಕೆಟ್‌ನಲ್ಲಿ 200 ಗ್ರಾಂ ಪ್ಯಾಕೆಟ್ ಚೀಸ್, ₹110. ಒಂದು ಲೀಟರ್ ಹಾಲು ₹46. ಅದನ್ನ ಹೆಪ್ಪು ಹಾಕಿ, ಮೊಸರನ್ನ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆ. ಶ್ರೀಖಂಡಕ್ಕೆ ಮಾಡ್ತೀವಲ್ಲ, ಅದೇ ಚಕ್ಕಾ. ಸಕ್ಕರೆ ಬದಲು ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕಲಸಿದ್ರೆ ರೊಟ್ಟಿಗೆ ಸವರೋ ಮೆತ್ತನೆ ಚೀಸ್ ಆಯ್ತು. ಖಾನಾಪುರದ ಖವಾ 100 ಗ್ರಾಂ, ₹40. ಚೋರಿಸ್ 200 ಗ್ರಾಂ, ₹160. ಗೋಡಂಬಿ 50 ಗ್ರಾಂ, ₹50. ಖಡಕ್ ರೊಟ್ಟಿ ಒಂದು ಕಟ್ಟು ₹50. ಪೇರಲ ಹಣ್ಣು ₹40. ಕರದಂಟು ಎರಡು ತುಂಡು ₹50. ಕ್ಯಾಂಪಿನ ಸಣ್ಣ ಬೇಕರಿಯ ಖಾರಿ ₹30. ಸೌತೆಕಾಯಿ ₹20. ಒಟ್ಟು ₹596. ಶೇಂಗಾ ಚಟ್ನಿಪುಡಿ ಮನೆಯದು, ಹಲಗೆ ಅಂದ್ರೆ ನಮ್ಮವ್ವನ ಚಪಾತಿ ಮಣಿ.

ಜೋಡಿಸೋದರಲ್ಲಿ ಗುಟ್ಟೇನಿಲ್ಲ. ಚೀಸ್ ದುಬಾರಿ, ಅದನ್ನ ತೆಳ್ಳಗೆ ಕೊಯ್ದು ಸ್ವಲ್ಪ ಇಡಿ. ಹೊಟ್ಟೆ ತುಂಬಿಸೋದು ರೊಟ್ಟಿ ಮತ್ತು ಚಕ್ಕಾ. ಚೋರಿಸ್ ಹಸಿಯಾಗಿ ತಿನ್ನೋದಲ್ಲ, ಸ್ವಲ್ಪ ನೀರಲ್ಲಿ ಪೂರ್ತಿ ಬೇಯಿಸಿ, ಅದರ ಕೊಬ್ಬಲ್ಲೇ ಹುರಿಯಿರಿ. ಖಾರ ಮತ್ತು ವಿನೆಗರ್ ಜೋರಾಗಿರೋದ್ರಿಂದ ಇಬ್ಬರು ತಿನ್ನೋದನ್ನ ಆರು ಜನ ತಿಂತಾರೆ. ಖವಾಗೆ ಸಕ್ಕರೆ ಹಾಕಬೇಡಿ. ಬಾಣಲೆಯಲ್ಲಿ ಕೆಂಪಾಗೋ ತನಕ ಹುರಿದು, ಉಪ್ಪು ಮತ್ತು ಮೆಣಸಿನಪುಡಿ ಉದುರಿಸಿ. ಕುಂದಾ ಆಗೋದಕ್ಕೆ ಎರಡು ಹೆಜ್ಜೆ ಮೊದಲೇ ನಿಲ್ಲಿಸಿದ ರುಚಿ ಅದು.

ಖವಾ ಮಾರುವ ಅಕ್ಕ

ಖಾನಾಪುರ ಪೇಟೆಯಲ್ಲಿ ಖವಾ ತಂದಿದ್ದ ಹೆಂಗಸು ಗವಳಿ ಸಮುದಾಯದವರು. ಕಾಡಂಚಿನ ಊರು, ಎಮ್ಮೆ ಸಾಕೋ ಮನೆ. ಮನೆಮಾತು ಮರಾಠಿಯ ಒಂದು ಬಗೆ, ಪೇಟೆಯಲ್ಲಿ ಕನ್ನಡ. ನಾನು "ಅಕ್ಕಾರ, ಹಾಲ ಡೇರಿಗೆ ಹಾಕೂದಿಲ್ಲೇನ್ರೀ?" ಅಂತ ಕೇಳಿದೆ.

"ಡೇರಿ ಎಲ್ಲೈತಿ ತಮ್ಮಾ? ಗಾಡಿ ನಮ್ಮ ಕಡೆ ಬರೂದಿಲ್ಲ. ಹಾಲ ಹೊತಗೊಂಡ ಇಲ್ಲಿಗೆ ಬರೂದ್ರಾಗ ಕೆಟ್ಟ ಹೋಗ್ತದ. ಖವಾ ಮಾಡಿದ್ರ ಎರಡ ದಿನಾ ತಡೀತದ."

ಆ ನಾಲ್ಕು ವಾಕ್ಯದಲ್ಲಿ ಇಡೀ ಅರ್ಥಶಾಸ್ತ್ರ ಇದೆ. ಐದು ಲೀಟರ್ ಎಮ್ಮೆ ಹಾಲು ಕಾಯಿಸಿದ್ರೆ ಸುಮಾರು ಒಂದು ಕೆಜಿ ಖವಾ. ಅಂದ್ರೆ ನಾಲ್ಕು ಲೀಟರ್ ನೀರನ್ನ ಹಬೆ ಮಾಡಿ ಕಳಿಸಬೇಕು. ಕಾಲೇಜಿನಲ್ಲಿ ಕಲಿತ ಲೆಕ್ಕ ಹಾಕಿ ನೋಡಿದೆ. ಹಾಲನ್ನ ಕುದಿಯೋ ತನಕ ಬಿಸಿ ಮಾಡಿ, ಅಷ್ಟು ನೀರು ಆವಿ ಮಾಡೋಕೆ ಹತ್ತು ಮೆಗಾಜೌಲ್‌ಗಿಂತ ಜಾಸ್ತಿ ಶಾಖ ಬೇಕು. ಮಣ್ಣಿನ ಒಲೆಯಲ್ಲಿ ಬೆಂಕಿಯ ಬಹುಪಾಲು ಸುತ್ತಲ ಗಾಳಿಗೆ ಹೋಗುತ್ತೆ, ಪಾತ್ರೆಗೆ ತಾಗೋದು ನೂರಕ್ಕೆ ಹದಿನೈದು ಪಾಲು ಅಂತ ಹಿಡಿದ್ರೂ, ಒಂದು ಕೆಜಿ ಖವಾಗೆ ನಾಲ್ಕೈದು ಕೆಜಿ ಒಣ ಕಟ್ಟಿಗೆ. ಅಷ್ಟು ಕಟ್ಟಿಗೆ ಆರಿಸಿ ತರಬೇಕು, ತಳ ಹಿಡಿಯದ ಹಾಗೆ ಹೊಗೆಯಲ್ಲಿ ಕೂತು ತಿರುವಬೇಕು. ಆ ಕೆಲಸದ ಕೂಲಿ ಯಾರೂ ಲೆಕ್ಕ ಹಾಕಿಲ್ಲ, ಮನೆಯ ಹೆಂಗಸರು ಮಾಡ್ತಾರೆ ಅನ್ನೋ ಕಾರಣಕ್ಕೆ.

ಬೆಳಗಾವಿಯ ಕುಂದಾಗೆ ಮೂಲ ಹಾಲು, ಖವಾ. ರಾಜಸ್ಥಾನದಿಂದ ಬಂದ ಮಿಠಾಯಿಗಾರರು ಒಲೆ ಮೇಲೆ ಹಾಲು ಮರೆತು ಕುಂದಾ ಕಂಡುಹಿಡಿದ್ರು ಅನ್ನೋ ಕಥೆ ಊರಲ್ಲಿ ಎಲ್ಲರೂ ಹೇಳ್ತಾರೆ. ಆ ಹಾಲು ಯಾರ ಕೊಟ್ಟಿಗೆಯಿಂದ ಬಂತು ಅಂತ ಯಾರೂ ಕಥೆ ಮಾಡಿಲ್ಲ.

ಇಳಿದಿದ್ದು ಯಾವ ತೆರಿಗೆ?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯ್ತು. ಚೀಸ್, ಬೆಣ್ಣೆ, ತುಪ್ಪ 12ರಿಂದ ಶೇ. 5ಕ್ಕೆ ಬಂತು. ಸಾಸೇಜ್‌ನಂಥ ಮಾಂಸದ ಪದಾರ್ಥಗಳೂ 12ರಿಂದ 5ಕ್ಕೆ. ಬಾದಾಮಿ, ಪಿಸ್ತಾ ಕೂಡ. ಪ್ಯಾಕ್ ಮಾಡಿದ ಪನೀರ್ ಮೇಲಿನ ಶೇ. 5 ಪೂರ್ತಿ ಹೋಯ್ತು. ನಮ್ಮ ಬೋರ್ಡಿನ ಮೇಲೆ ಕೂರೋ ವಸ್ತುಗಳನ್ನೇ ನೋಡಿ ಆರಿಸಿದ ಹಾಗಿದೆ ಪಟ್ಟಿ.

ಕೆಎಂಎಫ್ ಇದನ್ನ ಗ್ರಾಹಕರಿಗೆ ದಾಟಿಸಿತು. ನಂದಿನಿ ಸಂಸ್ಕರಿತ ಚೀಸ್ ಕೆಜಿಗೆ ₹530 ಇದ್ದದ್ದು ₹497 ಆಯ್ತು, ತುಪ್ಪ ₹650 ಇದ್ದದ್ದು ₹610. ಲೆಕ್ಕ ಹಾಕಿ ನೋಡಿ: 530ನ್ನ 1.12ರಿಂದ ಭಾಗಿಸಿ 1.05ರಿಂದ ಗುಣಿಸಿದ್ರೆ 496.9. ತೆರಿಗೆ ಎಷ್ಟು ಇಳಿಯಿತೋ ಅಷ್ಟನ್ನೂ ಇಳಿಸಿದ್ದಾರೆ, ಒಪ್ಪಬೇಕು. ಆದ್ರೆ ಎರಡು ತಿಂಗಳೂ ಕಳೆದಿರಲಿಲ್ಲ, ನವೆಂಬರ್‌ನಲ್ಲಿ ತುಪ್ಪದ ದರ ₹610ರಿಂದ ₹700 ಆಯ್ತು. ತೆರಿಗೆಯಲ್ಲಿ ಸಿಕ್ಕ ₹40, ದರದಲ್ಲಿ ಹೋದ ₹90. ತುಪ್ಪದ ಮಟ್ಟಿಗೆ ಹಬ್ಬ ಮುಗಿಯೋದರೊಳಗೆ ಉಳಿತಾಯವೂ ಮುಗಿಯಿತು.

ನನ್ನ ₹596ರ ಚೀಟಿಯಲ್ಲಿ ಈ ತೆರಿಗೆ ಇಳಿಕೆ ಕಣ್ಣಿಗೆ ಕಾಣೋದು ಒಂದೇ ಸಾಲಿನಲ್ಲಿ, ಪ್ಯಾಕೆಟ್ ಚೀಸ್‌ನಲ್ಲಿ. ಉಳಿದಿದ್ದು ಸುಮಾರು ಏಳು ರೂಪಾಯಿ.

ಖವಾ ಅಕ್ಕ ಜಿಎಸ್‌ಟಿ ನೋಂದಣಿಯಲ್ಲೇ ಇಲ್ಲ, ಇರಬೇಕಾಗೂ ಇಲ್ಲ. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ ವಹಿವಾಟಿನ ತನಕ ನೋಂದಣಿ ಬೇಡ. ಚೋರಿಸ್ ಕಟ್ಟುವ ಮನೆಯವರೂ ಹಾಗೇ. ಅವರ ಮೇಲೆ ಇರದ ತೆರಿಗೆ ಇಳಿಯೋದು ಹೇಗೆ? "ಅವರಿಗೆ ನಷ್ಟವೇನೂ ಆಗಿಲ್ಲವಲ್ಲ" ಅಂತ ಕೇಳಬಹುದು. ಆಗಿದೆ. ಕಾರ್ಖಾನೆಯ ಸಾಸೇಜ್ ಅಗ್ಗ ಆದ ದಿನ ಮನೆಯ ಚೋರಿಸ್ ಅಷ್ಟರ ಮಟ್ಟಿಗೆ ದುಬಾರಿ ಕಾಣುತ್ತೆ. ಮಾರುಕಟ್ಟೆಯಲ್ಲಿ ಬೆಲೆ ಅನ್ನೋದು ಪಕ್ಕದ ಡಬ್ಬಿಯ ಜೊತೆಗಿನ ಹೋಲಿಕೆ.

ಇದಕ್ಕಿಂತ ದೊಡ್ಡದು ಪ್ರೋತ್ಸಾಹಧನದ ಲೆಕ್ಕ. ಸಹಕಾರ ಸಂಘಕ್ಕೆ ಹಾಲು ಹಾಕುವ ರೈತರಿಗೆ ರಾಜ್ಯ ಸರ್ಕಾರ ಲೀಟರ್‌ಗೆ ₹5 ಕೊಡುತ್ತೆ. ಒಳ್ಳೆಯ ಯೋಜನೆ, ಸಾವಿರಾರು ಮನೆಗಳನ್ನ ಹಿಡಿದು ನಿಲ್ಲಿಸಿದೆ. ಆದ್ರೆ ಷರತ್ತು ಒಂದೇ, ಹಾಲು ಸಂಘದ ಕ್ಯಾನಿಗೆ ಬೀಳಬೇಕು. ಒಂದು ಕೆಜಿ ಚೀಸ್‌ಗೆ ಸುಮಾರು ಹತ್ತು ಲೀಟರ್ ಹಸುವಿನ ಹಾಲು ಅಂತ ಹಿಡಿದ್ರೆ, ಅದರ ಹಿಂದೆ ರೈತನಿಗೆ ₹50 ಪ್ರೋತ್ಸಾಹಧನ ಹೋಗಿರುತ್ತೆ. ಒಂದು ಕೆಜಿ ಖವಾದ ಹಿಂದೆ ಐದು ಲೀಟರ್ ಹಾಲಿದೆ, ₹25 ಸಿಗಬೇಕಿತ್ತು. ಸಿಗೋದು ಸೊನ್ನೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರ್‌ಗೆ ₹4 ಏರಿತು, ರೈತರಿಗೇ ಕೊಡ್ತೀವಿ ಅಂತ ಸರ್ಕಾರ ಹೇಳಿತು. ಅದೂ ಕ್ಯಾನಿನ ದಾರಿಯಲ್ಲೇ ಹೋಗುತ್ತೆ.

ನಂದಿನಿಗೆ ಹಾಲು ಹಾಕುವ ರೈತ ಇಲ್ಲಿ ವಿಲನ್ ಅಲ್ಲ. ಅವನೂ ಕಷ್ಟದಲ್ಲೇ ಇದ್ದಾನೆ. ನಾನು ಹೇಳ್ತಿರೋದು ಇಷ್ಟೇ: ರಸ್ತೆ ಇರೋ ಊರಿನ ಹಾಲಿಗೆ ಸಹಾಯ ಇದೆ, ರಸ್ತೆ ಇಲ್ಲದ ಊರಿನ ಹಾಲಿಗೆ ಇಲ್ಲ. ಸಹಾಯ ಯಾರಿಗೆ ಜಾಸ್ತಿ ಬೇಕಿತ್ತು ಅನ್ನೋದನ್ನ ನೀವೇ ಹೇಳಿ.

ಎಮ್ಮೆ ಎಲ್ಲಿ ಮೇಯಬೇಕು?

ಖವಾ ಅಕ್ಕನ ಸಮಸ್ಯೆ ಬರೀ ಐದು ರೂಪಾಯಿದಲ್ಲ. ಭೀಮಗಡ 2011ರಲ್ಲಿ ವನ್ಯಜೀವಿಧಾಮ ಆಯ್ತು. ಒಳಗೂ ಅಂಚಿಗೂ ಊರುಗಳಿವೆ: ಗವಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವ, ತಳೇವಾಡಿ. ಗವಳಿ ಅನ್ನೋದು ಒಂದು ಊರಿನ ಹೆಸರೇ ಆಗಿದೆ.

ಕಾಡಲ್ಲೇ ಇರಿ ಅಂತ ನಗರದಲ್ಲಿ ಕೂತು ಉಪದೇಶ ಮಾಡೋದು ಸುಲಭ. 2024ರ ಜುಲೈನಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಎದೆನೋವು ಬಂದಾಗ ಊರವರು ಮಳೆಯಲ್ಲಿ, ಕಾಡುದಾರಿಯಲ್ಲಿ ಹೆಗಲ ಮೇಲೆ ಹೊತ್ತು ತರಬೇಕಾಯ್ತು. ಆ ದೃಶ್ಯ ನೋಡಿದವರು ಯಾರೂ ಸ್ಥಳಾಂತರ ಬೇಡ ಅಂತ ಸುಲಭಕ್ಕೆ ಹೇಳಲಾರರು. 2025ರಲ್ಲಿ ತಳೇವಾಡಿಯ 27 ಕುಟುಂಬಗಳು ಒಪ್ಪಿಕೊಂಡು ಹೊರಬರೋ ಪ್ರಕ್ರಿಯೆ ಶುರುವಾಯ್ತು, ಕುಟುಂಬಕ್ಕೆ ₹15 ಲಕ್ಷದ ಪ್ಯಾಕೇಜ್. ಮಕ್ಕಳಿಗೆ ಶಾಲೆ, ಕರೆದರೆ ಬರೋ ಆಂಬುಲೆನ್ಸ್ ಬೇಕು ಅನ್ನೋದು ತಪ್ಪೇ?

ಆದ್ರೆ ಹಣ ಮನೆ ಕಟ್ಟಿಸುತ್ತೆ, ಎಮ್ಮೆಗೆ ಮೇಯೋ ಜಾಗ ಕೊಡಲ್ಲ. ಕಾಡಿನ ಹುಲ್ಲು ಮೇಯ್ದು ಬದುಕಿದ ಹಿಂಡನ್ನ ಹೊರಗೆ ತಂದ್ರೆ ಹಿಂಡಿ, ಮೇವು ಎಲ್ಲ ಕೊಳ್ಳಬೇಕು. ಆಗ ಎಮ್ಮೆ ಮಾರ್ತಾರೆ. ಎಮ್ಮೆ ಮಾರಿದವರು ಗೋವಾಕ್ಕೋ ಬೆಳಗಾವಿಗೋ ಕೂಲಿಗೆ ಹೋಗ್ತಾರೆ.

ಇರುವಲ್ಲೇ ಹಕ್ಕು ಕೇಳೋಣ ಅಂದ್ರೆ ಅದಕ್ಕೂ ಒಂದು ಗೋಡೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನ, ಅಲೆಮಾರಿ ಪಶುಪಾಲಕರು ಕಾಲಕಾಲಕ್ಕೆ ಕಾಡು ಬಳಸುವ ಹಕ್ಕನ್ನ ಹೆಸರು ಹೇಳಿಯೇ ಒಪ್ಪುತ್ತೆ. ಆದ್ರೆ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರು ಅಂತ ತೋರಿಸಿದ್ರೆ ಸಾಕು. ಪಂಗಡದ ಪಟ್ಟಿಯಲ್ಲಿ ಇಲ್ಲದವರು ಆ ದಿನಕ್ಕೆ ಮೊದಲು ಮೂರು ತಲೆಮಾರು, ಅಂದ್ರೆ 75 ವರ್ಷ ಇದ್ದರು ಅಂತ ತೋರಿಸಬೇಕು. ಧನಗರ ಗವಳಿಗಳು ಪಟ್ಟಿಗೆ ಸೇರಿಸಿ ಅಂತ ಬಹಳ ವರ್ಷಗಳಿಂದ ಕೇಳ್ತಿದ್ದಾರೆ. ಹುಲ್ಲಿದ್ದ ಕಡೆ ನಡೆದುಕೊಂಡು ಹೋದ ಸಮುದಾಯ 1930ರ ಕಾಗದ ಎಲ್ಲಿಂದ ತರಬೇಕು? ಇವರ ದಾಖಲೆ ಅಂದ್ರೆ ಎಮ್ಮೆ ನಡೆದ ದಾರಿ. ಅದಕ್ಕೆ ಪಹಣಿ ಇಲ್ಲ.

ಇದರ ಮೇಲೆ ಜಾನುವಾರು ಕಾನೂನು. 2020ರ ಕಾಯ್ದೆಯ ಪ್ರಕಾರ ಹಸು, ಎತ್ತು, ಕರು ವಧೆಗೆ ನಿಷೇಧ, 13 ವರ್ಷ ದಾಟದ ಎಮ್ಮೆ, ಕೋಣಕ್ಕೂ ನಿಷೇಧ. ತಪ್ಪಿದ್ರೆ ಮೂರರಿಂದ ಏಳು ವರ್ಷ ಜೈಲು. 2021ರ ಜನವರಿಯಲ್ಲಿ ಕಾಯ್ದೆ ಜಾರಿಗೆ ಬಂದಾಗ ಸುದ್ದಿಯಾಗಿದ್ದು ಗೋವಾದ ಮಾಂಸದ ಕೊರತೆ, ಯಾಕಂದ್ರೆ ಅಲ್ಲಿಗೆ ಹೋಗ್ತಿದ್ದ ದನದ ಮಾಂಸ ಬಹುಪಾಲು ನಮ್ಮ ಕಡೆಯದು. ಆದ್ರೆ ಹಾಲು ಕೊಡದ ಕೋಣಗರುವನ್ನ ಹದಿಮೂರು ವರ್ಷ ಯಾರು ಸಾಕಬೇಕು ಅನ್ನೋ ಪ್ರಶ್ನೆ ಬಂದಿದ್ದು ಕೊಟ್ಟಿಗೆಯಲ್ಲಿ. ಬೆಂಗಳೂರಿನ ಗೆಳೆಯರಿಗೆ ಇದು ಸಂಸ್ಕೃತಿಯ ಚರ್ಚೆ, ಗವಳಿ ಮನೆಗೆ ದಿನದ ಮೇವಿನ ಖರ್ಚು.

ಚೋರಿಸ್ ಮತ್ತು ಬಾಡಿಗೆ ಮನೆ

ಚೋರಿಸ್ ಸಿಕ್ಕಿದ್ದು ಕ್ಯಾಂಪ್‌ನಲ್ಲಿ, ಕಾಲೇಜು ಗೆಳೆಯನ ಅಮ್ಮನ ಹತ್ತಿರ. ಗೋವಾ ಮೂಲದ ಕ್ಯಾಥೊಲಿಕ್ ಮನೆ. 1961ರ ತನಕ ಗೋವಾ ಪೋರ್ಚುಗೀಸರ ಕೈಲಿತ್ತು, ಗಡಿ ದಾಟಿ ಓದಲು, ಕೆಲಸಕ್ಕೆ ಬಂದವರಿಗೆ ಬೆಳಗಾವಿ ಹತ್ತಿರದ ದೊಡ್ಡ ಊರು. 1953ರಲ್ಲೇ ಇಲ್ಲಿ ಧರ್ಮಪ್ರಾಂತ್ಯ ಆಯ್ತು. ಅವರ ಜೊತೆ ಬಂದ ಅಡುಗೆಯಲ್ಲಿ ಇದೂ ಒಂದು. ಹಂದಿ ಮಾಂಸ, ಉಪ್ಪು, ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ತೆಂಗಿನ ಶೇಂದಿಯ ವಿನೆಗರ್. ಕರುಳಲ್ಲಿ ತುಂಬಿ, ಸರದ ಹಾಗೆ ಗಂಟು ಹಾಕಿ, ಬಿಸಿಲಿಗೂ ಹೊಗೆಗೂ ಒಡ್ಡಿ ಒಣಗಿಸೋದು. ಮೇ ತಿಂಗಳಲ್ಲಿ ಮಾಡಿಟ್ಟರೆ ಮಳೆಗಾಲ ಪೂರ್ತಿ ಬರುತ್ತೆ.

"ಆಂಟಿ, ಇದನ್ನ ಮಾರಾಟಕ್ಕೆ ಅಂತಾನೇ ಮಾಡಬಹುದಲ್ಲ?" ಅಂದೆ. "ಎಲ್ಲಿ ಒಣಗಿಸೋದು ಮಗಾ? ಮೊದಲು ಅಂಗಳ ಇತ್ತು. ಈಗ ಫ್ಲಾಟ್. ಪಕ್ಕದವರಿಗೆ ವಾಸನೆ ಆಗಬಾರದು ಅಂತ ನಾನೇ ಕಿಟಕಿ ಹಾಕಿ ಕರೀತೀನಿ" ಅಂದ್ರು. ನಗುತ್ತಲೇ ಹೇಳಿದ್ರು. ನಾನು ಇಂಜಿನಿಯರಿಂಗ್ ಓದುವಾಗ ಬಾಡಿಗೆ ರೂಮಿನ ಮಾಲೀಕರು ಜಾತಿ ಕೇಳಲಿಲ್ಲ, "ಏನ್ ತಿಂತೀರಿ?" ಅಂತ ಕೇಳಿದ್ರು. ಎರಡೂ ಒಂದೇ ಪ್ರಶ್ನೆ ಅನ್ನೋದು ಅರ್ಥ ಆಗೋಕೆ ನನಗೆ ವರ್ಷ ಹಿಡಿಯಿತು. ಅದೇ ಹಂದಿ ಮಾಂಸ ಮರದ ಹಲಗೆ ಮೇಲೆ ಫ್ರೆಂಚ್ ಹೆಸರಲ್ಲಿ ಬಂದ್ರೆ ರೀಲ್ಸ್ ಆಗುತ್ತೆ, ಫ್ಲಾಟಿನ ಬಾಲ್ಕನಿಯಲ್ಲಿ ಒಣಗಿದ್ರೆ ವಾಸನೆ ಆಗುತ್ತೆ.

"ಖವಾದಲ್ಲಿ ಕಲಬೆರಕೆ ಇರುತ್ತಲ್ಲ?"

ತಟ್ಟೆ ಮುಂದಿಟ್ಟ ರಾತ್ರಿ ಗೆಳೆಯರಲ್ಲೊಬ್ಬಳು ಸರಿಯಾದ ಪ್ರಶ್ನೆ ಕೇಳಿದಳು. "ಜನ ಪ್ಯಾಕೆಟ್ ಕೊಳ್ಳೋದು ಭರವಸೆಗೆ. ಬಿಡಿ ಖವಾದಲ್ಲಿ ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು? ಸರ್ಕಾರ ಇದನ್ನ ಹೇಗೆ ಪ್ರೋತ್ಸಾಹಿಸಬೇಕು?"

ಕಲಬೆರಕೆ ನಿಜ, ಹಬ್ಬ ಬಂದಾಗಲೆಲ್ಲ ಸುದ್ದಿ ಓದ್ತೀವಿ. ಆದ್ರೆ ಅನುಮಾನ ಒಂದೇ ಕಡೆ ಯಾಕೆ? ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದ ಅನಲಾಗ್ ಪನೀರ್, ಅನಲಾಗ್ ಚೀಸ್ ಕೂಡ ಪೇಟೆಯಲ್ಲಿದೆ. ಲೇಬಲ್ ಮೇಲೆ ಬರೆಯಬೇಕು ಅನ್ನೋ ನಿಯಮ ಇದೆ, ಹೋಟೆಲ್ ತಟ್ಟೆಗೆ ಬರೋ ಹೊತ್ತಿಗೆ ಲೇಬಲ್ ಎಲ್ಲಿರುತ್ತೆ? ದೂರದಿಂದ ಬಂದ ಖವಾಗಿಂತ ಖಾನಾಪುರದ ಕಾಡಂಚಿನಿಂದ ಬಂದ ಖವಾ ಪರೀಕ್ಷೆ ಮಾಡೋದು ಸುಲಭ. ಸಣ್ಣ ತಯಾರಕರಿಗೆ ವರ್ಷಕ್ಕೆ ₹100 ಶುಲ್ಕದಲ್ಲಿ ಆಹಾರ ಸುರಕ್ಷತಾ ನೋಂದಣಿ ಸಿಗುತ್ತೆ. ಅದಕ್ಕೆ ಬೇಕಾದ ಆನ್‌ಲೈನ್ ಅರ್ಜಿ, ಫೋಟೊ, ವಿಳಾಸದ ದಾಖಲೆ ನೆಟ್‌ವರ್ಕ್ ಸಿಗದ ಊರಿಂದ ಹಾಕಬೇಕು. ನೂರು ರೂಪಾಯಿ ಹೊಂದಿಸಬಹುದು. ಪೇಟೆಗೆ ಹೋಗಿ ಬರೋ ಒಂದು ದಿನದ ಕೆಲಸ, ಅದೂ ಒಂದೇ ಸಲಕ್ಕೆ ಮುಗಿಯಲ್ಲ.

ಹಾಗಾದ್ರೆ ಏನು ಮಾಡಬಹುದು? ನನಗೆ ಕಾಣೋದು ಮೂರು, ಮೂರೂ ದುಬಾರಿಯಲ್ಲ.

ಒಂದು, ಪ್ರೋತ್ಸಾಹಧನವನ್ನ ಕ್ಯಾನಿಗೆ ಕಟ್ಟಿಹಾಕಬೇಡಿ. ಹಾಲಿನ ಗಾಡಿ ಹೋಗದ ಊರಿನಲ್ಲಿ ಮಹಿಳಾ ಸಂಘದ ಮೂಲಕ ಖವಾ ತೂಗಿ ಕೊಳ್ಳಲಿ, ಕೆಜಿಗೆ ಐದು ಲೀಟರ್ ಅಂತ ಹಿಡಿದು ₹25 ಕೊಡಲಿ. ಕೊಬ್ಬಿನ ಅಂಶ ಪರೀಕ್ಷೆ ಮಾಡಿದ್ರೆ ಕಲಬೆರಕೆಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತೆ. ಕಟ್ಟಿಗೆ ಕಡಿಮೆ ಸುಡುವ ಒಲೆ ಅದೇ ಸಂಘಕ್ಕೆ ಕೊಟ್ಟರೆ ಕಾಡಿಗೂ ಒಳ್ಳೇದು, ಹೊಗೆ ಕುಡಿಯೋ ಹೆಂಗಸರ ಎದೆಗೂ ಒಳ್ಳೇದು.

ಎರಡು, ಸ್ಥಳಾಂತರದ ಪ್ಯಾಕೇಜ್‌ನಲ್ಲಿ ಮನುಷ್ಯರ ಜೊತೆ ಎಮ್ಮೆಯನ್ನೂ ಎಣಿಸಿ. ಹೊಸ ಜಾಗದಲ್ಲಿ ಸಾಮೂಹಿಕ ಗೋಮಾಳ, ಹತ್ತಿರದ ಹಾಲು ಸಂಘದ ಸದಸ್ಯತ್ವ, ಇವೆರಡು ಇದ್ರೆ ₹15 ಲಕ್ಷ ಮನೆಯಾಗಿ ಉಳಿಯುತ್ತೆ. ಇಲ್ಲದಿದ್ರೆ ಮೂರು ವರ್ಷದಲ್ಲಿ ಮೇವಿಗೆ, ಸಾಲಕ್ಕೆ ಕರಗುತ್ತೆ.

ಮೂರು, ಹೋಗದೆ ಉಳಿಯುವವರ ಮೇಯಿಸುವ ಹಕ್ಕಿನ ಅರ್ಜಿಗೆ ಹಿರಿಯರ ಹೇಳಿಕೆಯನ್ನ, ಹಳೇ ದೊಡ್ಡಿಯ ಕುರುಹನ್ನ ಪುರಾವೆಯಾಗಿ ಒಪ್ಪಿ. ನಿಯಮಗಳಲ್ಲಿ ಇದಕ್ಕೆ ಅವಕಾಶ ಇದೆ, ಹೊಸ ಕಾಯ್ದೆ ಬೇಕಿಲ್ಲ. ಗ್ರಾಮಸಭೆಯಲ್ಲಿ ಕೂತು ಕೇಳಿಸಿಕೊಳ್ಳೋ ಅಧಿಕಾರಿ ಬೇಕು.

ಇದನ್ನೆಲ್ಲ ನಾನು ಗೆಳೆಯರಿಗೆ ಇಷ್ಟು ನೀಟಾಗಿ ಹೇಳಲಿಲ್ಲ. ಅವರು ತಿನ್ನೋದರಲ್ಲಿದ್ರು. ಚೋರಿಸ್ ಹತ್ತು ನಿಮಿಷದಲ್ಲಿ ಖಾಲಿ. ಖಡಕ್ ರೊಟ್ಟಿ ಮುರಿಯೋ ಸದ್ದಿಗೆ ಮಾತೇ ಕೇಳ್ತಿರಲಿಲ್ಲ. ಹುರಿದ ಖವಾ ಏನು ಅಂತ ಮೂವರಿಗೆ ಗೊತ್ತಾಗಲಿಲ್ಲ, ಯಾವುದೋ ಹಳೇ ಚೀಸ್ ಅಂದುಕೊಂಡಿದ್ರು. ಕೊನೆಗೆ ಮಣಿ ಮೇಲೆ ಉಳಿದದ್ದು ಪ್ಯಾಕೆಟ್ ಚೀಸ್‌ನ ನಾಲ್ಕು ತುಂಡು.

ಫೋಟೊ ತೋರಿಸಿದ್ದ ಗೆಳೆಯ ಹೊರಡುವಾಗ, "ಬೆಂಗಳೂರಿಗೆ ಒಂದು ಕೆಜಿ ಖವಾ ತರಿಸಿಕೊಡ್ತೀಯಾ? ಅವರ ಫೋನ್ ನಂಬರ್ ಇದ್ರೆ ಕೊಡು, ನಾನೇ ಆರ್ಡರ್ ಮಾಡ್ತೀನಿ" ಅಂದ. ಅವರ ಊರಲ್ಲಿ ನೆಟ್‌ವರ್ಕ್ ಇಲ್ಲ ಅಂದೆ. ಮುಂದಿನ ಸಂತೆಗೆ ಖಾನಾಪುರಕ್ಕೆ ಹೋಗಿ ಕಾಯಬೇಕು, ಅವರು ಬಂದ್ರೆ ಸಿಗುತ್ತೆ.